ವೆರ್ನಾಳ ಒಂಬತ್ತು ಸೆಕೆಂಡು

ವೆರ್ನಾ ಹುಡಾಕ್ ಆ ಸಿನಿಮಾದಲ್ಲಿ ಇರುವುದು ಒಂಬತ್ತೇ ಸೆಕೆಂಡು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಸಿನಿಮಾದವರು ಪೆನ್ಸಿಲ್ವೇನಿಯಾದ ನಮ್ಮ ಕಲ್ಲಿದ್ದಲಿನ ಊರಿಗೆ ಬಂದಾಗ ಅವಳಿಗೆ ಹದಿನೇಳು. ಹದಿನಾರರ ಹುಡುಗ ಹುಡುಗಿಯ ಮೊದಲ ಪ್ರೀತಿಯ ಕಥೆ. ಅವರಿಬ್ಬರು ಚರ್ಚಿನ ಅಂಗಳದಲ್ಲಿ ಕುಣಿಯುವಾಗ, ಹಿಂದೆ ಮೆಟ್ಟಿಲ ಮೇಲೆ ನೀಲಿ ಲಂಗ ತೊಟ್ಟು ರಸ್ತೆ ನೋಡುತ್ತ ಕೂತವಳೇ ವೆರ್ನಾ. ಎಷ್ಟು ಚೆನ್ನಾಗಿ ನಟಿಸಿದ್ದಾಳೆ ಎಂದು ಊರವರು ಈಗಲೂ ಹೊಗಳುತ್ತಾರೆ. ನಟನೆಯೂ ಇಲ್ಲ ಗಿಟನೆಯೂ ಇಲ್ಲ, ಅವಳು ನಿಜವಾಗಿಯೂ ಕಾಯುತ್ತಿದ್ದಳು.

ಕಾಯುತ್ತಿದ್ದದ್ದು ಆ್ಯಂಡಿ ಪೆಟ್ರಿಕ್‌ನನ್ನು. ಅವನು ಗಣಿ ಸೇರಿ ಒಂದು ವರ್ಷವಾಗಿತ್ತು. ‘ಪಾಳಿ ಮುಗಿದ ತಕ್ಷಣ ಬರ್ತೀನಿ, ಸಿನಿಮಾದಲ್ಲಿ ಇಬ್ರೂ ಒಟ್ಟಿಗೇ ಇರೋಣ’ ಎಂದಿದ್ದ. ಕತ್ತಲಾಗುವವರೆಗೆ ಕಾದು ವೆರ್ನಾ ಮನೆಗೆ ಹೋದಳು. ಮರುದಿನ ಅವನು ಬಾಗಿಲು ತಟ್ಟಿದ. ಅವಳು ರೇಡಿಯೋ ಜೋರು ಮಾಡಿದಳು. ಇನ್ನೊಂದು ದಿನವೂ ಬಂದು ತಟ್ಟಿದ, ತೆಗೆಯಲಿಲ್ಲ. ಹತ್ತನೆಯ ದಿನ ಗಣಿಯೊಳಗೆ ಮೇಲಿನ ಬಂಡೆ ಕುಸಿದು ಆ್ಯಂಡಿ ಹೋಗಿಬಿಟ್ಟ. ಮಾತಿಗೆ ತಪ್ಪಿದವನ ಮೇಲಿನ ಸಿಟ್ಟು ಒಂದು ಕಡೆ, ಬಾಗಿಲು ತೆಗೆಯದ ನಾಚಿಕೆ ಇನ್ನೊಂದು ಕಡೆ. ಅವಳು ಅವನ ಮಣ್ಣಿಗೂ ಹೋಗಲಿಲ್ಲ.

ಸಿನಿಮಾ ಥಿಯೇಟರಿಗೆ ಬಂದಾಗ ಊರಿಗೆ ಊರೇ ಸಾಲುಗಟ್ಟಿತು, ವೆರ್ನಾ ಮಾತ್ರ ಆ ಕಡೆ ಸುಳಿಯಲಿಲ್ಲ. ಬಸ್ ಓಡಿಸುವ ಸ್ಟಾನ್‌ನನ್ನು ಮದುವೆಯಾದ ಮೇಲೆ, ಅವನೇ ಒಂದು ದಿನ ಅದರ ಕ್ಯಾಸೆಟ್ ತಂದ. ಅಂದಿನಿಂದ ಪ್ರತಿ ಬೇಸಿಗೆಯಲ್ಲಿ ಒಮ್ಮೆ ಇಬ್ಬರೂ ಕೂತು ನೋಡುತ್ತಾರೆ. ಕುಣಿತದ ದೃಶ್ಯ ಬಂತೆಂದರೆ ಸ್ಟಾನ್ ‘ಕಾಫಿ ತರ್ತೀನಿ’ ಎಂದು ಎದ್ದು ಹೋಗುತ್ತಾನೆ. ಆ್ಯಂಡಿಯ ವಿಷಯ ಅವನಿಗೆ ಗೊತ್ತು. ಬಲು ಒಳ್ಳೆಯ ಮನುಷ್ಯ.

ಆ್ಯಂಡಿಯ ತಂಗಿ ಮಾರ್ಜಿಯೂ ವೆರ್ನಾಳೂ ಗುರುವಾರ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಒಂದೇ ಮೇಜಿನಲ್ಲಿ ಪಿರೋಗಿ ಮಾಡುತ್ತಾರೆ. ಹಿಟ್ಟಿನೊಳಗೆ ಆಲೂಗೆಡ್ಡೆ ತುಂಬಿ ಅಂಚು ಒತ್ತುವ ಕೆಲಸ. ಇಬ್ಬರ ನಡುವೆ ಅದರಾಚೆಗೆ ಮಾತಿಲ್ಲ.

‘ಅಂಚು ಸರಿಯಾಗಿ ಒತ್ತು. ಕುದಿಯೋ ನೀರಲ್ಲಿ ಬಾಯಿ ಬಿಡುತ್ತೆ’ ಎಂದಳು ಮಾರ್ಜಿ ಕಳೆದ ಬೇಸಿಗೆಯ ಒಂದು ಗುರುವಾರ.

‘ಇಷ್ಟು ವರ್ಷದಲ್ಲಿ ನಾನು ಒತ್ತಿದ್ದು ಒಂದಾದ್ರೂ ಬಾಯಿ ಬಿಟ್ಟಿದೆಯಾ?’

‘ಎಲ್ಲಿ ಬಿಡುತ್ತೆ? ನಿನ್ನ ಹಾಗೇ.’

ಆ ಭಾನುವಾರ ಮಧ್ಯಾಹ್ನ ಅದೇ ನೆಲಮಾಳಿಗೆಯಲ್ಲಿ ಸಿನಿಮಾ ಇಟ್ಟಿದ್ದರು. ‘ಟಿವಿಗೆ ಹೊಂದಲಿ ಅಂತ ಕ್ಯಾಸೆಟ್ಟಿನಲ್ಲಿ ಎರಡೂ ಬದಿ ಕತ್ತರಿಸಿದ್ರು. ಇವತ್ತು ನೋಡೋದು ಪೂರ್ತಿ ಅಗಲದ್ದು’ ಎಂದು ಗ್ರಂಥಾಲಯದ ಮೇಡಂ ದೀಪ ಆರಿಸಿದರು. ಊರಿನವರಿಗೆಲ್ಲ ಸಿನಿಮಾದ ಮಾತು ಬಾಯಿಪಾಠ. ಹುಡುಗ ಮೊದಲ ಸಲ ಹುಡುಗಿಯ ಹೆಸರು ಹೇಳುವಾಗ ಎಲ್ಲರೂ ಜೊತೆಗೆ ಹೇಳಿದರು. ಕುಣಿತ ಶುರುವಾಯಿತು. ಸ್ಟಾನ್ ಅಭ್ಯಾಸದಂತೆ ಎದ್ದು ಹಿಂದಿನ ಕಾಫಿಯ ಮೇಜಿಗೆ ಹೋದ.

ಮೆಟ್ಟಿಲ ಮೇಲೆ ನೀಲಿ ಲಂಗದ ವೆರ್ನಾ ಬಲಗಡೆಯ ರಸ್ತೆ ನೋಡುತ್ತಿದ್ದಾಳೆ. ಅವಳ ಬೆನ್ನ ಹಿಂದೆ, ಎಡತುದಿಯಲ್ಲಿ, ಸಿನಿಮಾದವರು ಕಟ್ಟಿದ ಹಗ್ಗದಾಚೆ ಆ್ಯಂಡಿ ನಿಂತಿದ್ದಾನೆ. ಮುಖವೆಲ್ಲ ಮಸಿ, ಕೈಯಲ್ಲಿ ಬುತ್ತಿಯ ಡಬ್ಬಿ. ಕೈ ಎತ್ತುತ್ತಾನೆ. ಕಾವಲಿನವನೊಬ್ಬ ತಡೆಯುತ್ತಾನೆ. ಕೈ ಇಳಿಸುತ್ತಾನೆ. ಒಂಬತ್ತು ಸೆಕೆಂಡೂ ಅವಳನ್ನೇ ನೋಡುತ್ತಾನೆ.

ಆಮೇಲಿನ ಸಿನಿಮಾ ವೆರ್ನಾಳ ಕಣ್ಣಿಗೆ ಬೀಳಲಿಲ್ಲ. ದೀಪ ಹತ್ತಿದಾಗ ಮುಂದಿನ ಸಾಲಿನಿಂದ ಮಾರ್ಜಿ ತಿರುಗಿ ನೋಡಿದಳು.

‘ಬಂದಿದ್ದ’ ಎಂದಳು ವೆರ್ನಾ.

‘ಮೈಯೆಲ್ಲ ಮಸಿ, ಒಳಗೆ ಬರಬೇಡ ಅಂತ ವಾಪಸ್ ಕಳಿಸಿಬಿಟ್ರಂತೆ. ಅದನ್ನ ಹೇಳೋಕೇ ನಿಮ್ಮನೆಗೆ ಎರಡು ಸಲ ಬಂದಿದ್ದ. ಇದೊಂದು ನೋಡೋಕೆ ಅಮ್ಮ ಹನ್ನೊಂದು ಸಲ ಥಿಯೇಟರಿಗೆ ಹೋದ್ಲು. ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ ಕಣೇ. ಗೊತ್ತಿದ್ದೂ ಮಣ್ಣಿಗೆ ಬರಲಿಲ್ಲ ಅಂತ...’ ಎಂದಳು ಮಾರ್ಜಿ.

‘ಬಾಗಿಲು ತೆಗೀಲಿಲ್ಲ ಕಣೇ ನಾನು.’ ಅಷ್ಟು ಹೇಳಿ ವೆರ್ನಾ ಅತ್ತುಬಿಟ್ಟಳು. ಮಾರ್ಜಿ ಕುರ್ಚಿಯ ಬೆನ್ನಿನ ಮೇಲಿಂದ ಕೈ ಚಾಚಿ ಅವಳ ಕೈ ಹಿಡಿದುಕೊಂಡಳು.

ಜನ ಕುರ್ಚಿ ಮಡಿಸತೊಡಗಿದ್ದರು. ಸ್ಟಾನ್ ಆರಿದ ಕಾಫಿಯ ಲೋಟ ಹಿಡಿದು ಇನ್ನೂ ಹಿಂದೆಯೇ ನಿಂತಿದ್ದ. ಮೆಲ್ಲಗೆ ಸಿನಿಮಾ ತೋರಿಸುವ ಯಂತ್ರದ ಬಳಿ ಹೋದ.

‘ಮೇಡಂ, ಆ ಕುಣಿತದ ಭಾಗ ಇನ್ನೊಂದ್ಸಲ ಹಾಕ್ತೀರಾ? ನಮ್ಮನೆಯವಳನ್ನ ನೋಡೋಕೆ ಒಬ್ರು ಬಂದಿದ್ದಾರೆ.’