ಮೊದಲು ಮೂಗು, ಆಮೇಲೆ ಕಾಲು

ಕೇರಳದ ಕುಟ್ಟನಾಡಿನ ಪುತ್ತನ್‌ಕರಿ ಬಯಲಿನಲ್ಲಿ ಕೊಚ್ಚುಪೆಣ್ಣುವಿನ ಬಾಯಿಗೆ ಹೆದರದವರಿರಲಿಲ್ಲ. ಅವಳ ತಾಯಿ ಪರರ ಕೆಸರಿನಲ್ಲಿ ಬಗ್ಗಿ ಬಗ್ಗಿಯೇ ಸತ್ತವಳು. ಮಗಳಿಗೆ ಭೂಸುಧಾರಣೆಯಲ್ಲಿ ಅರ್ಧ ಎಕರೆ ಸಿಕ್ಕಿತು. ಅದರ ಕಡೆ ಯಾರಾದರೂ ಬೆರಳು ತೋರಿಸಿದರೆ ಸಾಕು, ಎಪ್ಪತ್ತರ ಮುದುಕಿ ಮುಂಡು ಎತ್ತಿ ಕಟ್ಟಿ ನಿಂತುಬಿಡುತ್ತಿದ್ದಳು.

ಆ ವರ್ಷ ಬಿತ್ತಿದ ಮರುದಿನವೇ ಹೊರಬದು ಒಡೆದು ಹೊಳೆಯ ನೀರು ಬಯಲಿಗೆ ನುಗ್ಗಿತು. ಬದು ಕಟ್ಟಿ ಪಂಪು ಹಚ್ಚುವಷ್ಟರಲ್ಲಿ ಬೀಜದ ಮೇಲೆ ಗೇಣುದ್ದ ನೀರು ಆರು ದಿನ ನಿಂತಿತ್ತು. ಬಯಲಿನ ಸಮಿತಿಯ ಕಾರ್ಯದರ್ಶಿ ಚಾಕ್ಕೊಚ್ಚನ್ ಅವಳ ಗದ್ದೆಯಿಂದ ಒಂದು ಕಾಳು ಎತ್ತಿ ನೋಡಿದ. ಸೂಜಿಯಂಥ ಬಿಳೀ ಮೊಳಕೆಯಿತ್ತು, ಬೇರಿರಲಿಲ್ಲ.

"ಮುಗೀತು ಕತೆ. ನಾಳೆ ಎಲ್ಲರ ಗದ್ದೇಗೂ ಟ್ರ್ಯಾಕ್ಟರ್ ಬಿಟ್ಟು ಹೊಸ ಬೀಜ ಹಾಕೋದೇ, ಕೊಚ್ಚುಪೆಣ್ಣೇ."

ಅವಳಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನು, ಆದರೂ ಹೆಸರು ಹಿಡಿದೇ ಕೂಗುವುದು! ಹಳೇ ಜಮೀನ್ದಾರರ ಆ ಮನೆಯ ರೂಢಿಯೇ ಹಾಗೆ.

"ನೀರಿಗೆ ಬಿದ್ದೋನು ಮೊದ್ಲು ಮೂಗು ಎತ್ತುತಾನೋ, ಕಾಲೂರೋಕೆ ಜಾಗ ಹುಡುಕ್ತಾನೋ? ಇದೂ ಉಸಿರಿಗೆ ಅಂತ ಮೇಲಕ್ಕೆ ಹೊರಟಿದೆ. ನೀರು ಇಳೀಲಿ, ಬೇರು ತಾನಾಗೇ ಬಿಡುತ್ತೆ."

"ಓಹೋ! ಇದನ್ನ ಯಾವ ಕಾಲೇಜಲ್ಲಿ ಓದಿದ್ದು?"

"ನಿಮ್ಮಜ್ಜನ ಗದ್ದೇಲಿ. ಊಟಾನೂ ಕೊಡದೆ ಓದಿಸಿದ್ರು."

ಬದುವಿನ ಮೇಲಿದ್ದವರು ಕಿಸಕ್ಕೆಂದರು. ಚಾಕ್ಕೊಚ್ಚನ್ ಕೆಂಪಾದ.

ಮರುದಿನ ಟ್ರ್ಯಾಕ್ಟರ್ ಬಂದಾಗ ಮುದುಕಿ ಗದ್ದೆಯ ನೀರಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. "ಮೊದ್ಲು ನನ್ನ ಉಳು, ಆಮೇಲೆ ಗದ್ದೆ ಉಳು!" ಚಾಲಕ ಬೈದುಕೊಂಡು ಸುತ್ತುಹಾಕಿ ಹೋದ. ಸುಳ್ಳೇಕೆ, ಅವಳಿಗೂ ಒಳಗೊಳಗೇ ಭಯವಿತ್ತು. ಮನೆಯಲ್ಲಿದ್ದ ಬೀಜವನ್ನೆಲ್ಲ ಬಿತ್ತಿಯಾಗಿತ್ತು, ಉಳಲು ಬಿಡದವಳಿಗೆ ಸಮಿತಿಯ ಬೀಜವೂ ಸಿಗದು. ಇದು ಹೋದರೆ ವರ್ಷವಿಡೀ ಗಂಜಿಗೂ ಗತಿಯಿಲ್ಲ, ಮೇಲೆ ಊರಿನ ನಗು ಬೇರೆ.

ಪಂಪು ನೀರು ಇಳಿಸಿತು. ಎರಡು ದಿನ ಬರೀ ಕೆಸರು. "ಅಜ್ಜಿ ಕೆಸರನ್ನೇ ಕೊಯ್ತಾಳೆ ಈ ಸಲ" ಎಂದು ದೋಣಿಯವರು ಕೂಗಿ ಹೋದರು. ಮೂರನೆಯ ದಿನ ಅವಳು ಮೊಳಕೆಯೊಂದರ ಬುಡದಲ್ಲಿ ಬೆರಳಾಡಿಸಿದಳು. ಕೂದಲೆಳೆಯಂಥ ಬೇರುಗಳು ಮಣ್ಣು ಕಚ್ಚಿದ್ದವು. ಮುದುಕಿ ಅಲ್ಲೇ ಕೂತು ಗಳಗಳನೆ ಅತ್ತಳು. ಎದುರಿಗೆ ಯಾರೂ ಇರಲಿಲ್ಲವಲ್ಲ, ಅದಕ್ಕೆ.

ಸಮಿತಿಯ ಹೊಸ ಬೀಜ ಇಂದು ಬರುತ್ತದೆ, ನಾಳೆ ಬರುತ್ತದೆ ಎನ್ನುವುದರಲ್ಲೇ ಮೂರು ವಾರ ಕಳೆಯಿತು. ಅವಳ ಅರ್ಧ ಎಕರೆಯೊಂದೇ ಹಸಿರು, ಸುತ್ತ ಬರೀ ಉತ್ತ ಕೆಸರು. ಕೊನೆಗೊಂದು ಬೆಳಿಗ್ಗೆ ಚಾಕ್ಕೊಚ್ಚನ್ ಬದುವಿನ ಮೇಲೆ ಬಂದು ನಿಂತ.

"ಚೇಚ್ಚೀ," ಎಂದ. ಅಕ್ಕಾ ಎಂದು ಆ ಮನೆಯವರು ಅವಳನ್ನು ಕರೆದದ್ದು ಅದೇ ಮೊದಲು. "ನಿನ್ನ ಪೈರು ದಟ್ಟವಾಗಿದೆ. ಒಂದಿಷ್ಟು ಕಿತ್ತುಕೊಟ್ರೆ ನನ್ನದೊಂದು ಮೂಲೆಯಾದ್ರೂ ನೆಡ್ತೀನಿ. ಆಳು ಕಳಿಸ್ತೀನಿ."

"ಪೈರು ತಗೋ, ಬೇಡ ಅನ್ನಲ್ಲ. ಆಳು ಬೇಡ, ನೀನೇ ಇಳಿ."

ಚಾಕ್ಕೊಚ್ಚನ್ ಆಚೀಚೆ ನೋಡಿದ. ಚಪ್ಪಲಿ ಬಿಟ್ಟು ಕೆಸರಿಗೆ ಇಳಿದ.

"ಹಾಗೆ ನಿಂತ್ರೆ ಪೈರು ಕೈಗೆ ಬರುತ್ತಾ? ಬಗ್ಗು," ಎಂದಳು ಕೊಚ್ಚುಪೆಣ್ಣು. ಅವನು ಬಗ್ಗಿದ.