ಎಡಗಡೆ ನಿಂತ ಗಿಟಾರಿನವರು

ಹೋಟೆಲಿನಲ್ಲಿ ದೋಸೆ ರುಚಿಯಾಗಿದ್ದರೆ ಗಿರಾಕಿ ಕೈತೊಳೆದು ಬಂದು ಹೊಗಳುವುದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರನ್ನು; ಒಳಗೆ ಕಾವಲಿಯ ಮುಂದೆ ಬೆವರುತ್ತ ನಿಂತವರನ್ನಲ್ಲ. ಈ ಅಪರಾಧವನ್ನು ನೀವೂ ಮಾಡಿದ್ದೀರಿ, ನಾನೂ ಮಾಡಿದ್ದೇನೆ. ಆದರೆ ರಾಕ್ ಸಂಗೀತದ ತಂಡಗಳಲ್ಲಿ ಇದು ಅಪರಾಧದ ಹಂತವನ್ನು ದಾಟಿ ಸಂಪ್ರದಾಯವೇ ಆಗಿಬಿಟ್ಟಿದೆ. ಹಾಡುವವನ ಹೆಸರು, ಅವನ ಕೂದಲಿನ ಉದ್ದ, ಅವನ ಪ್ರೇಮಪ್ರಕರಣಗಳ ಸಂಖ್ಯೆ ಎಲ್ಲವೂ ಲೋಕವಿದಿತ. ಆ ಹಾಡನ್ನು ಹೆಗಲ ಮೇಲೆ ಹೊತ್ತು ದಡ ಸೇರಿಸಿದ ಗಿಟಾರ್ ವಾದಕ ಯಾರೆಂದು ಕೇಳಿ ನೋಡಿ, ‘ಎಡಗಡೆ ನಿಂತಿರ್ತಾನಲ್ಲ, ಅವನು’ ಎಂಬ ಉತ್ತರ ಬರುತ್ತದೆ. ರೆಕಾರ್ಡಿನ ಹೊದಿಕೆಯ ಚಿತ್ರದಲ್ಲಿ ಅವನ ಅರ್ಧ ಮುಖ ಕಂಡರೆ ಅದು ಪೂರ್ವಜನ್ಮದ ಪುಣ್ಯ. ಬಹಳ ಸಲ ಅವನ ಪಾಲಿಗೆ ಬರುವುದು ಒಂದು ಮೊಣಕೈ.

ಈ ವಿಷಯದಲ್ಲಿ ನಾನು ಸಮಚಿತ್ತದಿಂದ ಬರೆಯಲಾರೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಯಾಕೆಂದರೆ ನನ್ನ ಯೌವನದ ಮೂರು ವರ್ಷಗಳನ್ನು ನಾನು ಅಂಥ ಒಬ್ಬ ಗಿಟಾರ್ ವಾದಕರಿಗೆ ಕೀರ್ತಿ ತಂದುಕೊಡುವ ಕೆಲಸಕ್ಕೆ ವ್ಯಯಿಸಿದೆ. ಅವರಿಗೆ ಕೀರ್ತಿ ಬರಲಿಲ್ಲ. ನನಗೆ ಮಾತ್ರ ‘ತಲೆತಿರುಕ ಬಿರಾದಾರ’ ಎಂಬ ಬಿರುದು ಬಂತು.

ಎಪ್ಪತ್ತರ ದಶಕದ ಆರಂಭ. ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನಾದ ನಾನು ನಾಸಿಕದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಪಂಚವಟಿಯ ಒಂದು ಓಣಿಯಲ್ಲಿ ಉಡುಪಿ ಕಡೆಯವರ ಶಾಕಾಹಾರಿ ಹೋಟೆಲಿತ್ತು; ಊಟಕ್ಕಿಂತ ಹೆಚ್ಚಾಗಿ ಕನ್ನಡದ ಹಸಿವಿನಿಂದ ನಾನು ಅಲ್ಲಿಗೆ ಹೋಗುತ್ತಿದ್ದೆ. ಒಂದು ದಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಗಿರಾಕಿಗಳಿಲ್ಲದ ವೇಳೆ, ಅಡುಗೆಮನೆಯ ಹಿಂದಿನ ಉಗ್ರಾಣದಿಂದ ವಿಚಿತ್ರವಾದ, ಆದರೆ ಕಾಲು ಕೀಳಲು ಬಿಡದಂಥ ಒಂದು ನಾದ ಕೇಳಿತು. ಇಣುಕಿ ನೋಡಿದರೆ, ಮಾಲಕರ ಮಗ ಸದಾನಂದ ರಾಯರು ಅಕ್ಕಿಮೂಟೆಯ ಮೇಲೆ ಕುಳಿತು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದರು. ಗಲ್ಲಾದ ಮೇಲೆ ದಿನಾ ನೋಡುತ್ತಿದ್ದ, ಚಿಲ್ಲರೆ ಕೊಡುವಾಗಲೂ ನಾಚಿಕೊಳ್ಳುತ್ತಿದ್ದ ಅದೇ ಸದಾನಂದ ರಾಯರು.

ಆ ಗಿಟಾರಿನ ಮೈಯನ್ನು ಪಂಚವಟಿಯಲ್ಲಿ ಊಟದ ಮಣೆಗಳನ್ನು ಮಾಡುವ ಬಡಗಿಯೊಬ್ಬ ತೇಗದಲ್ಲಿ ಕೆತ್ತಿದ್ದ. ಧ್ವನಿವರ್ಧಕವು ಹಳೆಯ ರೇಡಿಯೋ ಒಂದರ ಪುನರ್ಜನ್ಮ. ವಿದ್ಯೆ ಕಲಿಸಿದವರು ಮನ್ಮಾಡಿನ ರೈಲ್ವೆ ಕಾಲೊನಿಯ ಒಬ್ಬ ನಿವೃತ್ತ ಗಾರ್ಡ್. ಜೀವನವಿಡೀ ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ನಿಂತ ಆ ಮಹಾನುಭಾವರು ಶಿಷ್ಯನಿಗೆ ಗಿಟಾರಿನ ಜೊತೆಗೆ ಹಿಂದೆ ನಿಲ್ಲುವುದನ್ನೂ ಕಲಿಸಿಬಿಟ್ಟಿದ್ದರು ಎಂಬುದು ನನ್ನ ದೂರು.

ಸದಾನಂದ ರಾಯರು ‘ದ ವೈಲ್ಡ್ ಗ್ರೇಪ್ಸ್’ ಎಂಬ ತಂಡದಲ್ಲಿದ್ದರು. ನಾಸಿಕ ದ್ರಾಕ್ಷಿಯ ಊರು, ಅದಕ್ಕೆ ಆ ಹೆಸರು. ತಂಡದ ಹಾಡುಗಾರ ಶಿರೀಷ, ಆರಡಿ ಎತ್ತರದ ಚೆಲುವ. ಅವನೂ ಕೊರಳಿಗೆ ಒಂದು ಕೆಂಪು ಗಿಟಾರ್ ನೇತುಹಾಕಿಕೊಳ್ಳುತ್ತಿದ್ದ. ಅದನ್ನು ಧ್ವನಿವರ್ಧಕಕ್ಕೆ ಜೋಡಿಸುವ ವೈರ್ ಇರಲಿಲ್ಲ. ಆರು ತಂತಿಗಳಲ್ಲಿ ನಾಲ್ಕೇ ಉಳಿದಿದ್ದವು. ಅದು ವಾದ್ಯವಲ್ಲ, ಆಭರಣ. ಆದರೂ ಜನರ ಕಣ್ಣೆಲ್ಲ ಅದರ ಮೇಲೆ. ಸದಾನಂದ ರಾಯರು ವೇದಿಕೆಯ ಎಡತುದಿಯಲ್ಲಿ, ಪ್ರೇಕ್ಷಕರಿಗೆ ಮುಕ್ಕಾಲು ಬೆನ್ನು ತೋರಿಸಿ, ಡ್ರಮ್ಮಿನವನ ಕಾಲನ್ನೇ ನೋಡುತ್ತ ನುಡಿಸುತ್ತಿದ್ದರು.

“ಸ್ವಲ್ಪ ಮುಂದ ಬಂದು ನಿಂದರ್ರಿ,” ಎಂದು ನಾನು ಎಷ್ಟು ಸಲ ಬೇಡಿಕೊಂಡಿದ್ದೇನೋ.

“ವೈರು ಗಿಡ್ಡ ಉಂಟು ಮಾರಾಯ್ರೆ,” ಎನ್ನುತ್ತಿದ್ದರು.

ಉದ್ದನೆಯ ವೈರು ತಂದುಕೊಟ್ಟೆ. ಅದನ್ನು ನೀಟಾಗಿ ಸುರುಳಿ ಸುತ್ತಿ ಕಾಲ ಬಳಿ ಇಟ್ಟುಕೊಂಡು ಅದೇ ಎಡತುದಿಯಲ್ಲಿ ನಿಂತರು.

ಪತ್ರಿಕೆಗಳಿಗೆ ಬರೆದೆ. ಒಂದಲ್ಲ, ಆರು ಪತ್ರ. ಐದು ಕಸದ ಬುಟ್ಟಿ ಸೇರಿದವು. ಆರನೆಯದು ಒಂದು ಮರಾಠಿ ವಾರಪತ್ರಿಕೆಯಲ್ಲಿ ಅಚ್ಚಾಯಿತು, ಆದರೆ ಅಚ್ಚು ಜೋಡಿಸುವವನ ಕೃಪೆಯಿಂದ ‘ಗಿಟಾರ್’ ಇದ್ದಲ್ಲೆಲ್ಲ ‘ಸಿತಾರ್’ ಆಗಿತ್ತು. ಮುಂದಿನ ವಾರ ಒಬ್ಬ ಗೃಹಸ್ಥರು ಮಗಳನ್ನು ಕರೆದುಕೊಂಡು ಹೋಟೆಲಿಗೆ ಬಂದು, ಮದುವೆಗೆ ಮುಂಚೆ ಹುಡುಗಿಗೆ ನಾಲ್ಕು ರಾಗ ಸಿತಾರ್ ಕಲಿಸಿಕೊಡಬೇಕೆಂದು ಕೇಳಿದರು. ಸದಾನಂದ ರಾಯರು ಅವರಿಗೆ ಕಾಫಿ ಕೊಟ್ಟು, ಊರಿನ ಸಿತಾರ್ ಮೇಷ್ಟರ ವಿಳಾಸ ಬರೆದುಕೊಟ್ಟು ಕಳಿಸಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅನ್ನದೆ ಇರುವವರ ಜೊತೆ ಜಗಳವಾಡುವುದು ಹೇಗೆ? ಅವರದು ವಾದನ, ನನ್ನದು ಬರೀ ವಾದ.

ಕೊನೆಗೊಂದು ಅವಕಾಶ ಒದಗಿತು. ಈಗ ಛತ್ರಪತಿ ಸಂಭಾಜಿನಗರವಾಗಿರುವ, ಆಗಿನ ಔರಂಗಾಬಾದಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಪಾಶ್ಚಾತ್ಯ ಸಂಗೀತ ತಂಡಗಳ ಸ್ಪರ್ಧೆ. ತಂಡಕ್ಕೆ ಬಹುಮಾನ, ಹಾಡುಗಾರನಿಗೆ ಬಹುಮಾನ, ಎಲ್ಲಕ್ಕಿಂತ ಮಿಗಿಲಾಗಿ, ಉತ್ತಮ ಗಿಟಾರ್ ವಾದಕನಿಗೆ ಒಂದು ಬೆಳ್ಳಿಬಣ್ಣದ ಕಪ್. ಕರಪತ್ರ ಓದಿ ನನಗೆ ಕಣ್ಣು ತುಂಬಿ ಬಂತು. ರಜೆ ಹಾಕಿ ತಂಡದ ಜೊತೆ ಹೊರಟೆ.

ಸಭಾಂಗಣ ಕಿಕ್ಕಿರಿದಿತ್ತು. ತೀರ್ಪುಗಾರರು ಒಬ್ಬರೇ: ಹಾರ್ಮೋನಿಯಂ ವಿದ್ವಾಂಸರು, ವಯೋವೃದ್ಧರು, ದಪ್ಪ ಕನ್ನಡಕದವರು. ನಾನು ಅವರ ಹಿಂದಿನ ಸಾಲಿನಲ್ಲೇ ಜಾಗ ಹಿಡಿದು ಅವರ ಪೆನ್ಸಿಲಿನ ಮೇಲೆ ಕಣ್ಣಿಟ್ಟೆ. ನಮ್ಮ ತಂಡ ಮೂರು ಹಾಡು ಮುಗಿಸಿತು. ಪೆನ್ಸಿಲು ಎರಡನೆಯ ಹಾಡಿನ ಹೊತ್ತಿಗೆ ಏನನ್ನೋ ಬರೆಯಿತು. ಅದು ಅಂಕವೋ, ಮನೆಗೆ ಒಯ್ಯಬೇಕಾದ ತರಕಾರಿಯ ಪಟ್ಟಿಯೋ ಎಂದು ತಿಳಿಯಲು ನಾನು ಕತ್ತು ಚಾಚಿ ಚಾಚಿ ನೋವು ಬರಿಸಿಕೊಂಡೆ.

ಫಲಿತಾಂಶ ಬಂತು. ಉತ್ತಮ ಗಿಟಾರ್ ವಾದಕ: ಶಿರೀಷ.

ಔರಂಗಾಬಾದಿನ ವಾಯವ್ಯಕ್ಕೆ ಕನ್ನಡ ಎಂಬ ಹೆಸರಿನ ಊರೇ ಒಂದಿದೆ. ಹಿಂದೊಮ್ಮೆ ಅಲ್ಲಿಗೆ ಹೋಗಿ ಕನ್ನಡ ಬಲ್ಲ ಒಬ್ಬರನ್ನಾದರೂ ಕಾಣಲು ಇಡೀ ಸಂತೆ ಅಲೆದು ಸೋತವನು ನಾನು. ಹೆಸರು ಒಂದು ಕಡೆ, ವಸ್ತು ಇನ್ನೊಂದು ಕಡೆ ಇರುವುದು ನನಗೆ ಹೊಸತಲ್ಲ. ಆದರೂ ಆ ಕ್ಷಣ ತಡೆಯಲಾಗಲಿಲ್ಲ. ನೇರವಾಗಿ ವೇದಿಕೆ ಏರಿ, ಹಿಂದಿ ಮರಾಠಿಗಳನ್ನು ಕಲಸಿ, ಆ ಕೆಂಪು ಗಿಟಾರಿಗೆ ವೈರೇ ಇಲ್ಲ ಎಂಬ ಪರಮಸತ್ಯವನ್ನು ತೀರ್ಪುಗಾರರ ಮುಂದೆ ಬೆರಳಿಟ್ಟು ತೋರಿಸಿದೆ.

ಅವರು ಕನ್ನಡಕ ಸರಿಪಡಿಸಿಕೊಂಡು ಶಾಂತವಾಗಿ ಹೇಳಿದರು: “ಬಹುಮಾನ ವಾದನಕ್ಕೆ ಸಾಹೇಬ, ವೈರಿಗಲ್ಲ.”

ಸಭೆ ಚಪ್ಪಾಳೆ ತಟ್ಟಿತು. ಶಿರೀಷ ನನ್ನ ಭುಜ ತಟ್ಟಿ, “ಜಾವೂ ದ್ಯಾ ನಾ, ಬಿರಾದಾರ್ ಸಾಹೇಬ,” ಎಂದ. ಹೋಗಲಿ ಬಿಡಿ ಎನ್ನುವುದು ಕಪ್ ಕೈಯಲ್ಲಿರುವವನಿಗೆ ಸುಲಭ. ಹಿಂದಿನಿಂದ ಯಾರೋ ನನ್ನ ಅಂಗಿ ಜಗ್ಗಿದರು. ಸದಾನಂದ ರಾಯರು. “ಇಳೀರಿ ಮಾರಾಯ್ರೆ,” ಎಂದರು. ಅವರ ಮುಖ ಕೆಂಪಾಗಿತ್ತು. ನನ್ನಿಂದಾದ ನಾಚಿಕೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಉಳಿದವರು ವೇರುಳದ, ಅಂದರೆ ಎಲ್ಲೋರಾದ, ಗುಹೆಗಳನ್ನು ನೋಡಲು ಹೋದರು. ಸದಾನಂದ ರಾಯರಿಗೆ ಹೋಟೆಲು, ನನಗೆ ಕಚೇರಿ. ನಾವಿಬ್ಬರೇ ಮನ್ಮಾಡಿನ ರೈಲು ಹತ್ತಿದೆವು. ದಾರಿಯುದ್ದಕ್ಕೂ ನಾನು ಬೈದೆ: ತೀರ್ಪುಗಾರರನ್ನು, ಶಿರೀಷನನ್ನು, ಔರಂಗಾಬಾದಿನ ಪ್ರೇಕ್ಷಕರನ್ನು, ಒಟ್ಟಾರೆ ಮನುಷ್ಯಕುಲವನ್ನು. ಮನ್ಮಾಡಿನಲ್ಲಿ ಇಳಿದಾಗ ಹನ್ನೊಂದು ಗಂಟೆ. ನಾಸಿಕದ ಗಾಡಿಗೆ ಎರಡು ತಾಸು ಕಾಯಬೇಕಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಸ್ಪರ್ಧೆಯ ಸಂಘಟಕರಿಗೆ ಒಂದು ಪ್ರತಿಭಟನಾ ಪತ್ರ ಬರೆಯತೊಡಗಿದೆ.

“ನಿಮಗ ಸಿಟ್ಟೇ ಬರಂಗಿಲ್ಲೇನ್ರಿ?” ಎಂದೆ, ಬರೆಯುತ್ತಲೇ. “ನಿಮ್ಮ ಜಾಗಾದಾಗ ನಾ ಇದ್ದಿದ್ದರ ಆ ಕಪ್ ಕಸಗೊಂಡು ಬರ್ತಿದ್ದೆ.”

ಅವರು ಗಿಟಾರಿನ ಚೀಲವನ್ನು ಬೆಂಚಿಗೆ ಒರಗಿಸಿಟ್ಟರು.

“ನನಗೂ ಬೇಜಾರಾಗ್ತದೆ ಬಿರಾದಾರ್ರೆ,” ಎಂದರು. “ನಿನ್ನೆ ಬಹಳ ಆಯ್ತು. ಆದರೆ ನೀವು ಅಷ್ಟು ಕೂಗಾಡಿದ ಮೇಲೆ, ನಾನು ಬೇಜಾರು ಮಾಡಿಕೊಳ್ಳಲಿಕ್ಕೆ ಜಾಗ ಎಲ್ಲಿ ಉಳೀತು ಹೇಳಿ?”

ನನ್ನ ಲೇಖನಿ ನಿಂತಿತು.

“ಅದರಲ್ಲಿ ನನ್ನ ಬಗ್ಗೆ ಎಂತ ಬರೆದಿದ್ದೀರಿ?” ಎಂದು ಕೇಳಿದರು.

“ಅಮೋಘವಾಗಿ ನುಡಿಸಿದರು ಅಂತ ಬರದೀನಿ.”

“ಯಾವುದು?”

“ಎಲ್ಲಾನೂ.”

“ಎರಡನೇ ಹಾಡಿನ ಮಧ್ಯ ನಾನೊಂದು ಹೊಸತು ನುಡಿಸಿದೆ. ಶಿರೀಷನಿಗೂ ಹೇಳಿರ್ಲಿಲ್ಲ. ನಾಲ್ಕು ತಿಂಗಳು ಮಾಡಿದ್ದು, ದಿನಾ ಮಧ್ಯಾಹ್ನ, ಉಗ್ರಾಣದಲ್ಲಿ.” ಚೀಲದ ಕಡೆ ನೋಡುತ್ತ ಹೇಳಿದರು, “ಯಾರು ಕೇಳದಿದ್ರೂ ನೀವೊಬ್ಬರು ಕೇಳ್ತೀರಿ ಅಂತ ಇತ್ತು.”

ಓದುಗರೇ, ಎರಡನೆಯ ಹಾಡಿನ ಹೊತ್ತಿಗೆ ನಾನು ಒಂದು ಪೆನ್ಸಿಲನ್ನು ನೋಡುತ್ತಿದ್ದೆ. ಸದಾನಂದ ರಾಯರ ಏಕಮಾತ್ರ ಅಭಿಮಾನಿಯಾದ ನಾನು, ಅವರಿಗಾಗಿ ಊರೂರಿನಲ್ಲಿ ಜಗಳ ಕಾದ ನಾನು, ಆ ಮೂರು ಹಾಡುಗಳಲ್ಲಿ ಒಂದು ಸ್ವರವನ್ನೂ ಕೇಳಿರಲಿಲ್ಲ. ದಪ್ಪ ಕನ್ನಡಕದ ಆ ವೃದ್ಧರಾದರೂ ತಪ್ಪು ಗಿಟಾರಿನಿಂದ ಬಂತೆಂದುಕೊಂಡು ಸರಿಯಾದ ನಾದವನ್ನೇ ಕೇಳಿದ್ದರು. ನಾನು ಅದನ್ನೂ ಮಾಡಿರಲಿಲ್ಲ. ಮೂರು ವರ್ಷ ನಾನು ಹಂಬಲಿಸಿದ್ದು ಅವರನ್ನು ಲೋಕ ಗುರುತಿಸಲಿ ಎಂದೋ, ಅವರನ್ನು ಮೊದಲು ಗುರುತಿಸಿದವನು ನಾನೆಂದು ಲೋಕ ಗುರುತಿಸಲಿ ಎಂದೋ, ಆ ಬೆಂಚಿನ ಮೇಲೆ ನನಗೇ ಅನುಮಾನವಾಯಿತು.

“ನಾ ಕೇಳಲಿಲ್ರಿ,” ಎಂದೆ. “ಆ ಮುದುಕರನ್ನ ನೋಡ್ತಾ ಕೂತಿದ್ದೆ.”

ಅವರು ತಲೆಯಾಡಿಸಿದರು. ಗೊತ್ತಿತ್ತು ಎಂಬಂತೆ.

“ಈಗ ನುಡಿಸ್ತೀರೇನ್ರಿ?”

“ಇಲ್ಲಿ ಕರೆಂಟು ಎಲ್ಲುಂಟು? ಕೇಳೂದಿಲ್ಲ ಅದು.” ಆದರೂ ಚೀಲ ಬಿಚ್ಚಿದರು. “ಹತ್ತಿರ ಬನ್ನಿ. ಕಿವಿ ಇಲ್ಲಿಡಿ.”

ವಿದ್ಯುತ್ತಿಲ್ಲದ ಎಲೆಕ್ಟ್ರಿಕ್ ಗಿಟಾರಿನ ದನಿ ಸೊಳ್ಳೆಯದಕ್ಕಿಂತ ಸ್ವಲ್ಪ ದೊಡ್ಡದು. ಮನ್ಮಾಡ್ ಜಂಕ್ಷನ್ನಿನ ಆ ಗದ್ದಲದಲ್ಲಿ ನಾನು ಬಾಗಿ, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ, ಇನ್ನೊಂದನ್ನು ತೇಗದ ಹಲಗೆಗೆ ಒತ್ತಿದೆ. ಮರದೊಳಗಿಂದ ಬಂತು ಅದು. ಕೆಳಗಿನ ತಂತಿಯಲ್ಲಿ ಒಂದೇ ಸ್ವರ, ಬೆರಳಿನಿಂದ ನಿಧಾನ ಮೇಲಕ್ಕೆ ತಳ್ಳಿದ್ದು; ಆಮೇಲೆ ಶಿರೀಷ ಹಾಡುವ ಧಾಟಿಯೇ, ಆದರೆ ಅವನು ಏರುವಲ್ಲಿ ಇದು ಇಳಿಯುತ್ತಿತ್ತು, ಅವನು ಅರಚುವಲ್ಲಿ ಇದು ಉಸಿರು ಹಿಡಿಯುತ್ತಿತ್ತು. ಮುಗಿಯುವ ಮುಂಚೆ ಒಂದು ಕಡೆ ಪೂರ್ತಿ ನಿಂತು, ಹೋಗಲೋ ಬೇಡವೋ ಎಂಬಂತೆ ತಡೆದು, ಮನೆಗೆ ತಿರುಗಿತು. ಹಮಾಲನೊಬ್ಬ ನಿಂತು, “ಕಾನಾಲಾ ಕಾಯ್ ಝಾಲಂ?” ಎಂದು ನನ್ನ ಕಿವಿಗೆ ಏನಾಯಿತೆಂದು ವಿಚಾರಿಸಿದ. ಏನೂ ಆಗಿಲ್ಲ, ಈಗ ಸರಿಯಾಗಿದೆ ಎಂದೆ.

“ಈಗ ಹೇಳಿ,” ಎಂದರು ಸದಾನಂದ ರಾಯರು.

ಹೊಗಳಬೇಕೆಂದು ಬಾಯಿ ತೆರೆದೆ. ಬೇರೆಯೇ ಮಾತು ಬಂತು: “ಕೊನೀಗ ನಿಂದರ್ತೀರಲ್ಲ, ಅಲ್ಲಿ ಜರಾ ಹೆಚ್ಚು ನಿಂತಂಗಾಯ್ತು.”

ಅವರ ಮುಖ ಅರಳಿತು. ಮೂರು ವರ್ಷದ ನನ್ನ ಯಾವ ಹೊಗಳಿಕೆಗೂ ಅದು ಹಾಗೆ ಅರಳಿದ್ದಿಲ್ಲ. “ಅಲ್ವಾ? ನನಗೂ ಹಾಗೇ ಅನ್ನಿಸ್ತಿತ್ತು. ಇನ್ನೊಮ್ಮೆ ಕೇಳಿ,” ಎಂದರು. ಗಾಡಿ ಬರುವಷ್ಟರಲ್ಲಿ ಆ ಜಾಗವನ್ನು ನಾಲ್ಕು ಸಲ ತಿದ್ದಿದರು. ನಾಲ್ಕು ಸಲವೂ ನಾನು ಬಾಗಿದೆ. ಪತ್ರ ಅರ್ಧಕ್ಕೇ ನಿಂತುಹೋಯಿತು.

ಮುಂದೆ ಎರಡು ವರ್ಷಕ್ಕೆ ತಂಡ ಚದುರಿತು. ಶಿರೀಷ ವಿಮೆಯ ಏಜೆಂಟನಾದ, ಅದರಲ್ಲೂ ಯಶಸ್ವಿಯಾದ. ಸದಾನಂದ ರಾಯರು ಹೋಟೆಲನ್ನು ವಹಿಸಿಕೊಂಡರು. ಮಧ್ಯಾಹ್ನ ಮೂರರಿಂದ ನಾಲ್ಕು ಅವರು ಯಾರಿಗೂ ಸಿಗುತ್ತಿರಲಿಲ್ಲ. ಆ ನುಡಿಸಾಣಿಕೆಯನ್ನು ಯಾರೂ ಧ್ವನಿಮುದ್ರಿಸಿಕೊಳ್ಳಲಿಲ್ಲ.

ಈಗಲೂ ಗಿಟಾರಿನ ಮಾತು ಬಂದಲ್ಲಿ ನಾನು ಅವರ ಹೆಸರೆತ್ತುತ್ತೇನೆ. ಆದರೆ ಅಮೋಘ, ಅದ್ಭುತ ಎಂಬ ವಿಶೇಷಣಗಳನ್ನು ಬಿಟ್ಟಿದ್ದೇನೆ. ಬದಲಿಗೆ ಆ ಧಾಟಿಯನ್ನೇ, ನನ್ನ ಒಡಕು ಗಂಟಲಿನಲ್ಲಿ, ಆ ತಡೆಯ ಸಹಿತ, ಗುನುಗಿ ತೋರಿಸುತ್ತೇನೆ. ಜನ ಮರ್ಯಾದೆಗೆ ಕೇಳುತ್ತಾರೆ. ಆಮೇಲೆ ವಿಚಾರಿಸುತ್ತಾರೆ: “ಚೆನ್ನಾಗಿದೆ ರೀ. ಹಾಡಿದವರು ಯಾರು?”