ಕೇಕಿನಲ್ಲಿ ರಮ್ ಇದೆ ಎಂದು ಅವಳು ಹೇಳಿದ್ದಳು

ಕೇಕಿನಲ್ಲಿ ರಮ್ ಇದೆ ಎಂದು ಕಮ್ಲಾ ನನಗೆ ಹೇಳಿದ್ದಳು. ಹೇಳಲೇ ಇಲ್ಲ ಎಂದು ನಾನು ಅಷ್ಟು ಜನರ ಮುಂದೆ ಆಡಿದ್ದು ಸುಳ್ಳು — ಗೊತ್ತಿದ್ದೂ ಆಡಿದ ಸುಳ್ಳು. ಅದನ್ನು ನಂಬಿದವರು ಕನ್ನಡದವರು. ಆದ್ದರಿಂದ ಇದನ್ನು ಕನ್ನಡದಲ್ಲೇ ಬರೆಯಬೇಕು.

ನಾವು ಸ್ವೀಡನ್ನಿನ ನಾರ್‌ಶೋಪಿಂಗ್‌ಗೆ ಬಂದ ಹೊಸತು. ಊರಿಗೆ ಫೋನ್ ಮಾಡಲು ಕಾಲಿಂಗ್ ಕಾರ್ಡ್ ಕೊಳ್ಳುತ್ತಿದ್ದ ಕಾಲ. ಕಮ್ಲಾ ನಮ್ಮ ಮೇಲಿನ ಮಹಡಿಯವಳು, ಟ್ರಿನಿಡಾಡ್‌ನವಳು. ಅವಳ ಮುತ್ತಜ್ಜಿಯನ್ನು ಬ್ರಿಟಿಷರು ಕಬ್ಬು ಕಡಿಯಲು ಭಾರತದಿಂದ ಹಡಗಿನಲ್ಲಿ ಆ ದ್ವೀಪಕ್ಕೆ ಸಾಗಿಸಿದ್ದರಂತೆ. ದೀಪಾವಳಿಗೆ ಹಣತೆ ಹಚ್ಚುವ ಹುಡುಗಿ ಕ್ರಿಸ್‌ಮಸ್‌ಗೆ ಕಪ್ಪು ಕೇಕನ್ನೂ ಮಾಡುತ್ತಿದ್ದಳು — ಒಣಹಣ್ಣುಗಳನ್ನು ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆಸಿ. "ನಮ್ಮಲ್ಲಿ ಹಿಂದೂಗಳ ಮನೇಲೂ ಇದಿಲ್ದೆ ಕ್ರಿಸ್‌ಮಸ್ ಇಲ್ಲ. ಹಾಡ್ತಾ ಮನೆಗೆ ಬಂದವರಿಗೆಲ್ಲ ಕೊಡ್ತೀವಿ," ಎನ್ನುತ್ತಿದ್ದಳು.

ಆ ಡಿಸೆಂಬರಿನಲ್ಲಿ ರಘು ಅವರ ಮನೆಯಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಅವಳನ್ನು ಕರೆದೊಯ್ದವಳು ನಾನೇ. ತಾಯಿಯ ಸೀರೆ ಉಟ್ಟು ಬಂದಿದ್ದಳು. ಕಪ್ಪು ಕೇಕಿನ ಜೊತೆ, ಕುಡಿಯದವರಿಗೆಂದು ತೆಂಗಿನಕಾಯಿ ಹಾಕಿದ ಸಿಹಿ ಬ್ರೆಡ್ಡನ್ನೂ ತಂದಿದ್ದಳು. ಬಾಗಿಲಲ್ಲಿ ಬೂಟು ಬಿಚ್ಚುತ್ತಾ, "ಕೇಕಲ್ಲಿ ರಮ್ ಇದೆ ಅಂತ ಹಿರಿಯರಿಗೆ ಮೊದಲೇ ಹೇಳ್ಬಿಡು, ಸುಮಾ," ಎಂದಳು. ತಲೆಯಾಡಿಸಿದೆ.

ಹೇಳಲಿಲ್ಲ. ಬೆಂಗಳೂರಿನಿಂದ ಬಂದಿದ್ದ ರಘು ಅವರ ತಾಯಿ ಕಪ್ಪು ಕೇಕನ್ನೇ ತೆಗೆದುಕೊಂಡರು. "ಎಷ್ಟು ಚೆನ್ನಾಗಿದೆ! ಯಾರಮ್ಮ ಮಾಡಿದ್ದು?" ಎಂದರು. ನನ್ನ ಫ್ರೆಂಡು ಎಂದು ಬೀಗಿದೆ. ಆ ಹೊಗಳಿಕೆ ನಿಲ್ಲುವುದು ಬೇಡವಾಗಿತ್ತು ನನಗೆ — ಅವರು ಎರಡನೆಯ ತುಂಡು ತಿನ್ನುವುದನ್ನು ನೋಡುತ್ತಾ ನಿಂತೆ.

ಆಮೇಲೆ ರಘು ಒಂದು ತುಂಡು ಬಾಯಿಗಿಟ್ಟರು. ಇನ್ನೊಂದು ಕೈಯಲ್ಲಿ ವಿಸ್ಕಿ ಗ್ಲಾಸು.

"ಇದ್ರಲ್ಲಿ ರಮ್ ಇದೆ! ಅಮ್ಮಂಗೆ ಯಾರ್ ಕೊಟ್ಟಿದ್ದು ಇದನ್ನ?"

ಎಲ್ಲರೂ ನನ್ನತ್ತ ತಿರುಗಿದರು. "ಅವಳು ನಂಗೆ ಹೇಳ್ಲೇ ಇಲ್ಲ," ಎಂದೆ — ಇಂಗ್ಲಿಷಿನಲ್ಲಿ, ಅವಳಿಗೂ ತಿಳಿಯುವ ಹಾಗೆ.

"ಹೆಸರಿಗಷ್ಟೇ ಇಂಡಿಯನ್ಸು, ಎಲ್ಲಾ ಮರೆತಿದಾರೆ," ಎಂದು ಯಾರೋ ಗೊಣಗಿದರು. ಕಮ್ಲಾ ನನ್ನನ್ನು ಒಮ್ಮೆ ನೋಡಿದಳು. "ಸಾರಿ, ಆಂಟಿ," ಎಂದು ಬಗ್ಗಿ ಆ ಹಿರಿಯಾಕೆಯ ಕಾಲು ಮುಟ್ಟಲು ಹೋದಳು. ಅವರು ಕಾಲು ಹಿಂದಕ್ಕೆಳೆದುಕೊಂಡರು. ಆಗಲಾದರೂ — ಆಗಲಾದರೂ ನನ್ನ ಬಾಯಿ ತೆರೆಯಬಾರದಿತ್ತೇ? ಹಾಳು ಬಾಯಿ!

ವಾರದ ನಂತರ ಕಮ್ಲಾಳನ್ನು ಮೆಟ್ಟಿಲ ಮೇಲೆ ತಡೆದು, "ಅವತ್ತು ನಾನು..." ಎಂದು ತೊದಲಿದೆ.

"ನಾನು ನಿಜ ಹೇಳಿದ್ರೆ ಯಾರು ನಂಬ್ತಿದ್ರು? ಅವರು ನಿನ್ನೋರು," ಎಂದು ಮೇಲೆ ಹತ್ತಿ ಹೋದಳು. ಬೇಸಿಗೆಗೆ ಮುಂಚೆ ಕಾರ್ಲ್‌ಸ್ಟಾಡ್‌ಗೆ ಮನೆ ಬದಲಿಸಿದಳು.

ಇಷ್ಟು ವರ್ಷ ನಾನು ಸಿಟ್ಟಾದದ್ದು ರಘು ಮೇಲೆ, ಗೊಣಗಿದವರ ಮೇಲೆ. ಎಂಥ ಸುಖದ ಸಿಟ್ಟು ಅದು! ಅವರ ಕೈಗೆ ಅವಳನ್ನು ಕೊಟ್ಟವಳು ಯಾರು?

ಮೊನ್ನೆ ರಘುಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನಕ್ಕರು. "ಅಯ್ಯೋ ಬಿಡಿ ಸುಮಾ, ಅಮ್ಮ ಹೋಗೇ ಎಷ್ಟೋ ವರ್ಷ ಆಯ್ತು. ಈಗ್ಯಾಕೆ ಅದೆಲ್ಲ?" ನನ್ನ ಮೈಯೆಲ್ಲ ಉರಿದುಹೋಯಿತು. ಒಬ್ಬ ನಿರಪರಾಧಿ ಹುಡುಗಿ ತಮಗೆ ಮೋಸ ಮಾಡಿದಳೆಂದೇ ನಂಬಿ ಆಕೆ ತೀರಿಕೊಂಡರು — ಅದನ್ನು ಇನ್ನು ಯಾರೂ ತಿದ್ದಲಾರರು.

ಬಿಡುವುದಿಲ್ಲ. ಅಂದು ಅಲ್ಲಿದ್ದ ಉಳಿದವರಿಗೂ ಹೇಳುತ್ತೇನೆ. ಆಮೇಲೆ ಕಾರ್ಲ್‌ಸ್ಟಾಡ್‌ಗೆ ಹೋಗುತ್ತೇನೆ. ಕ್ಷಮಿಸು ಎಂದು ಕೇಳಲಿಕ್ಕಲ್ಲ. ಅವಳು ನನ್ನನ್ನು ಬೈಯಬೇಕು, ಬಾಯಿ ತುಂಬ ಬೈಯಬೇಕು — ನಾನು ಎದುರಾಡದೆ ನಿಂತು ಕೇಳಿಸಿಕೊಳ್ಳಬೇಕು.